ವಿಜ್ಞಾನದಲ್ಲಿ ಡಾಕ್ಟರೇಟ್ ಯಾರಿಗೆ?

ನಮ್ಮ ನಾಡಿನಲ್ಲಿ ‘ಡಾಕ್ಟರ್’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಮೊದಲನೆಯದು ಎಲ್ಲರೂ ಬಲ್ಲದ್ದು: ನಾಡಿ ಹಿಡಿದು ನೋಡಿ ಔಷಧ ಬರೆದುಕೊಡುವವರು. ಎರಡನೆಯದನ್ನು ನೆಂಟರಿಷ್ಟರಿಗೆ ತಿಳಿಯಹೇಳುವುದು ಅಷ್ಟು ಸುಲಭವಲ್ಲ. ಎಂ.ಎಸ್‌ಸಿ. ಮುಗಿಸಿದ ಮಗಳು ಇನ್ನೂ ಐದಾರು ವರ್ಷ ‘ಓದುತ್ತಾಳೆ’ ಎಂದರೆ, ಅದೇನು ಓದು, ಮುಗಿಯುವುದೆಂದು, ಮುಗಿದ ಮೇಲೆ ಬರುವುದೇನು ಎಂದು ಹಳ್ಳಿಯ ಅಜ್ಜಿಯಿಂದ ಹಿಡಿದು ಪಟ್ಟಣದ ಬ್ಯಾಂಕಿನ ಅಧಿಕಾರಿಯವರೆಗೆ ಎಲ್ಲರೂ ಕೇಳುತ್ತಾರೆ. ಇವನ್ನು ತಿಳಿಯದವರ ಪ್ರಶ್ನೆಗಳೆಂದು ತಳ್ಳಿಹಾಕುವುದು ತಪ್ಪು. ಸಂಶೋಧನೆಗೆ ಹೊರಟ ವಿದ್ಯಾರ್ಥಿ ತನಗೆ ತಾನೇ ಹಾಕಿಕೊಳ್ಳಬೇಕಾಗಿದ್ದ ಪ್ರಶ್ನೆಗಳೂ ಇವೇ. ಆಶ್ಚರ್ಯದ ಸಂಗತಿಯೆಂದರೆ, ಅನೇಕರು ಇವನ್ನು ಮೊದಲ ಬಾರಿಗೆ ಕೇಳಿಕೊಳ್ಳುವುದು ಮೂರನೆಯ ವರ್ಷದಲ್ಲಿ, ಪ್ರಯೋಗಶಾಲೆಯ ಒಂದು ಮೂಲೆಯಲ್ಲಿ, ಮನಸ್ಸು ಬಳಲಿದ ಮೇಲೆ.

ಭಾರತದಲ್ಲಿ ೨೦೧೪-೧೫ರಲ್ಲಿ ಎಲ್ಲ ವಿಷಯಗಳನ್ನೂ ಕೂಡಿಸಿ ಸುಮಾರು ೧.೧೭ ಲಕ್ಷ ಮಂದಿ ಪಿಎಚ್.ಡಿ. ವ್ಯಾಸಂಗದಲ್ಲಿದ್ದರೆಂದೂ ೨೦೨೧-೨೨ರ ವೇಳೆಗೆ ಈ ಸಂಖ್ಯೆ ೨.೧ ಲಕ್ಷವನ್ನು ದಾಟಿತೆಂದೂ ಉನ್ನತ ಶಿಕ್ಷಣದ ಸರ್ಕಾರಿ ಸಮೀಕ್ಷೆಯಿಂದ ತಿಳಿದುಬರುತ್ತದೆ. ದೇಶಕ್ಕೆ ಸಂಶೋಧಕರು ಬೇಕು. ಸಂಖ್ಯೆ ಬೆಳೆದದ್ದು ಸಂತೋಷವೇ. ಆದರೆ ಇಷ್ಟು ಜನರಲ್ಲಿ ತಾವು ಕೈಹಾಕುತ್ತಿರುವ ಕೆಲಸ ಎಂಥದೆಂದು ಅರಿತು ಸೇರಿದವರು ಎಷ್ಟು ಮಂದಿ ಎಂಬುದನ್ನು ಯಾವ ಸಮೀಕ್ಷೆಯೂ ಹೇಳುವುದಿಲ್ಲ. ಪ್ರೌಢಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ಓದುತ್ತಿರುವ ವಾಚಕರಿಗೆ ಈ ವಿಚಾರ ದೂರದ್ದೆಂದು ತೋರಬಹುದು. ದೂರವಿರುವಾಗಲೇ ಯೋಚಿಸುವುದು ಮೇಲು. ಹತ್ತಿರ ಬಂದಾಗ ಅರ್ಜಿಯ ಕೊನೆಯ ದಿನಾಂಕವೇ ಕಣ್ಣಿಗೆ ಕಟ್ಟಿ, ಯೋಚನೆಗೆ ಎಡೆಯಿರುವುದಿಲ್ಲ.

ಮೊದಲು ಡಾಕ್ಟರೇಟ್ ಎಂದರೆ ಏನಲ್ಲ ಎಂಬುದನ್ನು ನೋಡೋಣ. ಅದು ಎಂ.ಎಸ್‌ಸಿ.ಯ ಮುಂದಿನ ತರಗತಿಯಲ್ಲ. ಹತ್ತನೆಯ ತರಗತಿಯಿಂದ ಸ್ನಾತಕೋತ್ತರ ಪರೀಕ್ಷೆಯವರೆಗೆ ನಾವು ಏರುವ ಮೆಟ್ಟಿಲುಗಳೆಲ್ಲ ಒಂದೇ ಜಾತಿಯವು: ಪ್ರಶ್ನೆ ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ, ನಮಗೂ ಗೊತ್ತಿದೆಯೇ ಎಂದು ಅವರು ಪರೀಕ್ಷಿಸುತ್ತಾರೆ. ಡಾಕ್ಟರೇಟಿನಲ್ಲಿ ಮೆಟ್ಟಿಲೇ ಇಲ್ಲ. ಅಲ್ಲಿನ ಪ್ರಶ್ನೆಗೆ ಉತ್ತರ ಪ್ರಪಂಚದಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಕೆಲವು ವೇಳೆ ಪ್ರಶ್ನೆಯನ್ನೇ ಸರಿಯಾಗಿ ಕೇಳಿರುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವಿಶ್ವವಿದ್ಯಾನಿಲಯಗಳು, ಮುಖ್ಯವಾಗಿ ೧೮೧೦ರಲ್ಲಿ ಸ್ಥಾಪಿತವಾದ ಬರ್ಲಿನ್ ವಿಶ್ವವಿದ್ಯಾನಿಲಯ, ವಿದ್ಯಾರ್ಥಿ ತಾನೇ ಹೊಸ ಜ್ಞಾನವನ್ನು ಗಳಿಸಬೇಕೆಂಬ ಕಲ್ಪನೆಯನ್ನು ರೂಢಿಗೆ ತಂದವು. ಅಮೆರಿಕದ ಯೇಲ್ ೧೮೬೧ರಲ್ಲಿ ಈ ಪದವಿಯನ್ನು ಕೊಟ್ಟಿತು. ಸಂಪ್ರದಾಯಪ್ರಿಯವಾದ ಆಕ್ಸ್‌ಫರ್ಡ್ ಒಪ್ಪಿಕೊಂಡದ್ದು ೧೯೧೭ರಲ್ಲಿ. ಪದವಿಯ ಚರಿತ್ರೆ ಹೇಗೇ ಇರಲಿ, ಕಲಿಯುವ ವಿಧಾನ ನಮ್ಮವರಿಗೆ ಹೊಸದಲ್ಲ. ಬಡಗಿಯ ಬಳಿಯಲ್ಲೋ ವೀಣೆಯ ವಿದ್ವಾಂಸರ ಬಳಿಯಲ್ಲೋ ಇದ್ದು, ಅವರು ಮಾಡುವುದನ್ನು ನೋಡಿ, ಕೈಕೆಡಿಸಿಕೊಂಡು, ಬೈಸಿಕೊಂಡು, ಕೊನೆಗೆ ಸ್ವತಂತ್ರವಾಗಿ ನಿಲ್ಲುವ ಶಿಷ್ಯವೃತ್ತಿಯೇ ಇದು.

ಈ ಶಿಷ್ಯವೃತ್ತಿಯ ದಿನಚರಿ ಹೇಗಿರುತ್ತದೆಂಬುದಕ್ಕೆ ಜೋಸೆಲಿನ್ ಬೆಲ್ ಅವರ ವೃತ್ತಾಂತಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಪಲ್ಸಾರ್‌ಗಳನ್ನು ಕಂಡುಹಿಡಿದವರೆಂದು ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಬರುತ್ತದೆ. ಆದರೆ ಕಂಡುಹಿಡಿದ ಕ್ಷಣವನ್ನು ಬಿಟ್ಟು, ಅದರ ಹಿಂದಿನ ಎರಡು ವರ್ಷಗಳನ್ನು ನೋಡಬೇಕು.

ಉತ್ತರ ಐರ್ಲೆಂಡಿನಲ್ಲಿ ೧೯೪೩ರಲ್ಲಿ ಹುಟ್ಟಿದ ಈಕೆ ಹನ್ನೊಂದನೆಯ ವಯಸ್ಸಿನಲ್ಲಿ ಅಲ್ಲಿನ ಮಕ್ಕಳು ಬರೆಯಬೇಕಾಗಿದ್ದ ಆಯ್ಕೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಗ್ಲಾಸ್ಗೋದಲ್ಲಿ ಭೌತವಿಜ್ಞಾನ ಓದಿ ೧೯೬೫ರಲ್ಲಿ ಕೇಂಬ್ರಿಜ್ಜಿಗೆ ಸಂಶೋಧನ ವಿದ್ಯಾರ್ಥಿನಿಯಾಗಿ ಬಂದರು. ಸುತ್ತಲಿನವರೆಲ್ಲ ತನಗಿಂತ ಬಹಳ ಬುದ್ಧಿವಂತರೆಂದೂ, ತನ್ನನ್ನು ಸೇರಿಸಿಕೊಂಡದ್ದು ಏನೋ ಪ್ರಮಾದವೆಂದೂ, ಇಂದಲ್ಲ ನಾಳೆ ಹೊರಗೆ ಕಳುಹಿಸುತ್ತಾರೆಂದೂ ತಾವು ಭಾವಿಸಿದ್ದುದನ್ನು ಅವರು ಮುಂದೆ ಅನೇಕ ಸಲ ಹೇಳಿದ್ದಾರೆ. ಹೊರಗೆ ಹಾಕುವವರೆಗಾದರೂ ಚೆನ್ನಾಗಿ ದುಡಿಯೋಣವೆಂದು ನಿಶ್ಚಯಿಸಿದರಂತೆ. ಗ್ರಾಮಾಂತರದ ಕಾಲೇಜಿನಿಂದ ಬೆಂಗಳೂರಿನ ಸಂಸ್ಥೆಯೊಂದಕ್ಕೆ ಬಂದು, ಪಕ್ಕದವರ ಇಂಗ್ಲಿಷನ್ನು ಕೇಳಿ ಬಾಯಿಕಟ್ಟಿಕೊಂಡು ಕುಳಿತ ನಮ್ಮ ವಿದ್ಯಾರ್ಥಿಗಳು ಈ ಮಾತನ್ನು ಗಮನಿಸಬೇಕು. ಆ ಅಂಜಿಕೆ ಅನರ್ಹತೆಯ ಗುರುತಲ್ಲ.

ಕೇಂಬ್ರಿಜ್ಜಿನಲ್ಲಿ ಅವರ ಮೊದಲ ಎರಡು ವರ್ಷದ ‘ಸಂಶೋಧನೆ’ಯೆಂದರೆ ಕೂಲಿಯ ಕೆಲಸ. ನಾಲ್ಕೂವರೆ ಎಕರೆ ಬಯಲಿನಲ್ಲಿ ಸುಮಾರು ೧,೦೦೦ ಕಂಬಗಳನ್ನು ನೆಟ್ಟು, ೨,೦೦೦ಕ್ಕೂ ಹೆಚ್ಚು ಆಂಟೆನಾಗಳನ್ನು ತಂತಿಗಳಿಂದ ಜೋಡಿಸಿ, ನಾಲ್ಕಾರು ಮಂದಿ ಸೇರಿ ಒಂದು ರೇಡಿಯೋ ದೂರದರ್ಶಕವನ್ನು ಕಟ್ಟಿದರು. ಈಕೆ ಸುತ್ತಿಗೆ ಬೀಸುವುದರಲ್ಲಿಯೂ ನಿಪುಣೆಯಾದರು. ೧೯೬೭ರ ಜುಲೈಯಲ್ಲಿ ಯಂತ್ರ ಸಿದ್ಧವಾಯಿತು. ಕ್ವೇಸಾರ್‌ಗಳೆಂಬ ಬಹುದೂರದ ಆಕಾಶಕಾಯಗಳನ್ನು ಗುರುತಿಸುವುದು ಅದರ ಉದ್ದೇಶ. ಲೆಕ್ಕ ಮಾಡಲು ಗಣಕಯಂತ್ರದ ನೆರವಿರಲಿಲ್ಲ. ದಿನವೊಂದಕ್ಕೆ ನೂರು ಅಡಿಗಳಷ್ಟು ಕಾಗದದ ಸುರುಳಿ ಹೊರಬರುತ್ತಿತ್ತು. ಅದರ ಮೇಲೆ ಲೇಖನಿ ಎಳೆದ ಅಂಕುಡೊಂಕು ಗೆರೆಗಳನ್ನು ಒಂದೊಂದು ಅಂಗುಲವಾಗಿ ಕಣ್ಣಿನಿಂದಲೇ ಪರಿಶೀಲಿಸಿ, ಇದು ನಕ್ಷತ್ರಲೋಕದ ಸಂಕೇತ, ಇದು ಯಾವುದೋ ಮೋಟಾರು ಬಂಡಿಯ ಕಿಡಿಯಿಂದ ಬಂದ ಗೊಂದಲ ಎಂದು ವಿಂಗಡಿಸುವುದು ಅವರ ನಿತ್ಯಕರ್ಮ. ಆಕಾಶವನ್ನು ಒಂದು ಸುತ್ತು ನೋಡಿ ಮುಗಿಸುವುದಕ್ಕೆ ನಾಲ್ಕು ದಿನ, ಸುಮಾರು ೪೦೦ ಅಡಿ ಕಾಗದ. ಅಷ್ಟು ಕಾಗದದಲ್ಲಿ ಎಲ್ಲೋ ಕಾಲು ಅಂಗುಲದಷ್ಟು ಜಾಗದಲ್ಲಿ, ಕ್ವೇಸಾರ್‌ನಂತೆಯೂ ಇಲ್ಲದ, ಭೂಮಿಯ ಗೊಂದಲದಂತೆಯೂ ಇಲ್ಲದ ಒಂದು ಗೀಚು ಅವರ ಕಣ್ಣಿಗೆ ಬಿತ್ತು. ಆಕಾಶದ ಅದೇ ಭಾಗದಿಂದ ಅದು ಮತ್ತೆ ಬಂದಿತು. ಕೆಲವು ವಾರ ಕಾಣದೆಯೂ ಹೋಯಿತು. ನವೆಂಬರ್ ೨೮ರಂದು ಕಾಗದವನ್ನು ಬೇಗ ಓಡುವಂತೆ ಮಾಡಿ ಗುರುತಿಸಿದಾಗ, ಸುಮಾರು ೧.೩ ಸೆಕೆಂಡಿಗೊಮ್ಮೆ ಕರಾರುವಾಕ್ಕಾಗಿ ಬಡಿಯುವ ನಾಡಿಯೊಂದು ಕಾಣಿಸಿತು. ಅದೇ ಮೊದಲನೆಯ ಪಲ್ಸಾರ್. ಅತಿವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರ.

ಇಷ್ಟಾದರೂ ಅವರ ಮಹಾಪ್ರಬಂಧದ ವಿಷಯ ಪಲ್ಸಾರ್ ಆಗಲಿಲ್ಲ! ಮೊದಲು ಗೊತ್ತುಮಾಡಿದ್ದ ರೇಡಿಯೋ ಮೂಲಗಳ ಅಳತೆಯ ವಿಷಯದ ಮೇಲೆಯೇ ಪ್ರಬಂಧ ಬರೆದು, ಪಲ್ಸಾರ್‌ಗಳನ್ನು ಕೊನೆಯಲ್ಲಿ ಒಂದು ಅನುಬಂಧವಾಗಿ ಸೇರಿಸಿದರು. ೧೯೭೪ರಲ್ಲಿ ಈ ಶೋಧಕ್ಕೆ ಸಂಬಂಧಿಸಿ ನೊಬೆಲ್ ಪಾರಿತೋಷಕ ಬಂದಾಗ ಅದು ಅವರ ಮಾರ್ಗದರ್ಶಕರಾದ ಆಂಟನಿ ಹ್ಯೂಯಿಷ್ ಅವರಿಗೂ ಮಾರ್ಟಿನ್ ರೈಲ್ ಅವರಿಗೂ ಸಂದಿತು. ವಿದ್ಯಾರ್ಥಿನಿಯ ಹೆಸರು ಅದರಲ್ಲಿ ಇರಲಿಲ್ಲ. ಇದು ನ್ಯಾಯವೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ನ್ಯಾಯವಲ್ಲವೆಂದೇ ನನ್ನ ಮತ. ಅವರಿಗೆ ೨೦೧೮ರಲ್ಲಿ ೩೦ ಲಕ್ಷ ಡಾಲರುಗಳ ಬೇರೊಂದು ಬಹುಮಾನ ಬಂದಿತು. ಅಷ್ಟನ್ನೂ ಅವರು ಸಂಶೋಧನೆಯಲ್ಲಿ ಅವಕಾಶ ಕಡಮೆಯಿರುವ ವರ್ಗಗಳ ಪಿಎಚ್.ಡಿ. ವಿದ್ಯಾರ್ಥಿಗಳ ವೇತನಕ್ಕಾಗಿ ಕೊಟ್ಟುಬಿಟ್ಟರು.

ಈಗ ವಾಚಕರು ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಳ್ಳಲಿ. ಆ ಕಾಲು ಅಂಗುಲದ ಗೀಚು ಇಲ್ಲದೆಯೇ ಹೋಗಿದ್ದರೆ? ಕಂಬ ನೆಡುವುದು, ಕಾಗದ ನೋಡುವುದು, ಕ್ವೇಸಾರ್‌ಗಳ ಒಂದು ಪಟ್ಟಿಯನ್ನು ಸಿದ್ಧಪಡಿಸುವುದು, ಇಷ್ಟರಲ್ಲಿಯೇ ಮೂರು ನಾಲ್ಕು ವರ್ಷ ಕಳೆಯಲು ನಿಮ್ಮ ಮನಸ್ಸು ಒಪ್ಪುತ್ತದೆಯೇ? ಏಕೆಂದರೆ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿ ಸಂಶೋಧಕರ ಪಾಲಿಗೆ ಬರುವುದು ಇದೇ. ಆವಿಷ್ಕಾರದ ಆಸೆಯಿಂದ ಸಂಶೋಧನೆಗೆ ಹೋಗುವವರು ಬೇಗ ಬೇಸರಗೊಳ್ಳುತ್ತಾರೆ. ಕೆಲಸದ ರುಚಿಯಿಂದ ಹೋಗುವವರು ನಿಲ್ಲುತ್ತಾರೆ. ಉಪಕರಣ ಕೆಟ್ಟಾಗ ‘ಇದೇಕೆ ಕೆಟ್ಟಿತು?’ ಎಂದು ಬಿಚ್ಚಿ ನೋಡುವ ಚಪಲ, ಲೆಕ್ಕ ಹೊಂದದಿದ್ದಾಗ ಊಟದ ಎಲೆಯ ಮುಂದೆಯೂ ಅದನ್ನೇ ಚಿಂತಿಸುವ ಗೀಳು, ಎರಡು ತಿಂಗಳ ಕೆಲಸ ವ್ಯರ್ಥವಾಯಿತೆಂದು ತಿಳಿದ ಮಾರನೆಯ ದಿನವೂ ಎದ್ದು ಹೋಗುವ ಮೊಂಡುತನ, ಇವು ಇದ್ದರೆ ಅಂಕಪಟ್ಟಿಯಲ್ಲಿ ಮೊದಲ ದರ್ಜೆ ಇರಲೇಬೇಕೆಂಬುದಿಲ್ಲ. ಅದಕ್ಕೆ ಪ್ರತಿಯಾಗಿ, ವಿಶ್ವವಿದ್ಯಾನಿಲಯಕ್ಕೇ ಪ್ರಥಮರಾಗಿ ಬಂದು ಚಿನ್ನದ ಪದಕ ಪಡೆದವರು ಸಂಶೋಧನೆಯಲ್ಲಿ ದಿಕ್ಕುಗಾಣದೆ ನಿಲ್ಲುವುದುಂಟು. ಹೊಗಳಿಕೆಗೆ ಒಗ್ಗಿದ ಮನಸ್ಸಿಗೆ ವರ್ಷಗಟ್ಟಲೆ ‘ಸರಿ’ ಎಂದು ಹೇಳುವವರಿಲ್ಲದೆ ಬದುಕುವುದು ಕಷ್ಟ. ಅದು ಅವರ ದೋಷವಲ್ಲ. ಪರೀಕ್ಷೆಗಳು ಅಳೆಯುವುದು ಬೇರೆಯ ಗುಣವನ್ನು.

ಇನ್ನೊಂದು ಭ್ರಮೆ, ಪ್ರಬಂಧದ ವಿಷಯ ಘನವಾಗಿರಬೇಕೆಂಬುದು. ವಿಶ್ವದ ಉಗಮ, ಕ್ಯಾನ್ಸರಿನ ನಿವಾರಣೆ, ಇದಕ್ಕಿಂತ ಕಡಮೆಯದನ್ನು ಕೆಲವು ತರುಣರು ಒಪ್ಪುವುದೇ ಇಲ್ಲ. ಐನ್‌ಸ್ಟೈನ್ ೧೯೦೫ರಲ್ಲಿ ಜೂರಿಕ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧ ಸಾಪೇಕ್ಷತಾವಾದದ ಮೇಲಿನದಲ್ಲ. ಸಕ್ಕರೆಯನ್ನು ನೀರಿನಲ್ಲಿ ಕರಗಿಸಿದರೆ ನೀರು ಎಷ್ಟು ಮಂದವಾಗುತ್ತದೆಂಬುದರಿಂದ ಅಣುಗಳ ಗಾತ್ರವನ್ನು ಲೆಕ್ಕ ಹಾಕುವ ಕೆಲವೇ ಪುಟಗಳ ಬರಹ ಅದು. ಇದಕ್ಕೆ ಮೊದಲು ೧೯೦೧ರಲ್ಲಿ ಒಪ್ಪಿಸಿದ್ದ ಒಂದು ಪ್ರಬಂಧವನ್ನು ಅವರು ಹಿಂದಕ್ಕೆ ಪಡೆಯಬೇಕಾಗಿ ಬಂದಿತ್ತು. ೧೯೦೫ರದರಲ್ಲಿಯೂ ಲೆಕ್ಕದ ತಪ್ಪೊಂದು ಉಳಿದು, ಪ್ರಯೋಗದ ಫಲಕ್ಕೂ ಸೂತ್ರಕ್ಕೂ ಹೊಂದಿಕೆಯಾಗದಿದ್ದಾಗ ಅದು ಬೆಳಕಿಗೆ ಬಂದು, ೧೯೧೧ರಲ್ಲಿ ತಿದ್ದಲ್ಪಟ್ಟಿತು. ಆ ಚಿಕ್ಕ ಪ್ರಬಂಧದ ಸೂತ್ರ ಇಂದಿಗೂ ಹಾಲು, ಗಾರೆ ಮೊದಲಾದ ಕಣಮಿಶ್ರಿತ ವಸ್ತುಗಳನ್ನು ಅಧ್ಯಯನ ಮಾಡುವವರಿಗೆ ಉಪಯೋಗಕ್ಕೆ ಬರುತ್ತಿದೆ. ಮುಗಿಸಬಹುದಾದ ಪ್ರಶ್ನೆಯನ್ನು ಆರಿಸಿಕೊಳ್ಳುವುದೇ ಶಿಷ್ಯವೃತ್ತಿಯ ಮೊದಲ ಪಾಠ.

ಹಾಗಾದರೆ ಆ ಪ್ರಶ್ನೆಯನ್ನು ಆರಿಸಿಕೊಡುವವರು ಯಾರು? ಇಲ್ಲಿ ಮಾರ್ಗದರ್ಶಕರ ವಿಚಾರ ಬರುತ್ತದೆ. ಲೇಖನದ ಉಳಿದ ಭಾಗವನ್ನು ಓದದಿದ್ದರೂ ಇದನ್ನು ಓದಬೇಕೆಂದು ನನ್ನ ಬೇಡಿಕೆ. ವಿದ್ಯಾರ್ಥಿಗಳು ಸಂಸ್ಥೆಯ ಹೆಸರನ್ನು ನೋಡಿ ಸೇರುತ್ತಾರೆ. ಐದು ವರ್ಷ ಬಾಳುವುದು ಮಾತ್ರ ಆ ಸಂಸ್ಥೆಯ ಒಬ್ಬ ವ್ಯಕ್ತಿಯೊಡನೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ೨೦೨೨ರ ನಿಯಮಗಳಂತೆ ಒಬ್ಬ ಪ್ರಾಧ್ಯಾಪಕರು ಒಂದು ಕಾಲಕ್ಕೆ ೮, ಸಹ ಪ್ರಾಧ್ಯಾಪಕರು ೬, ಸಹಾಯಕ ಪ್ರಾಧ್ಯಾಪಕರು ೪ ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳಿಗಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳುವಂತಿಲ್ಲ. ಆ ಮಿತಿಯೊಳಗೆ ನಿಮಗೆ ವಾರಕ್ಕೆ ಒಂದು ಗಂಟೆ ದೊರೆಯುವುದೇ, ತಿಂಗಳಿಗೆ ಒಂದು ಗಂಟೆ ದೊರೆಯುವುದೇ ಎಂಬುದನ್ನು ನಿಯಮ ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಅವರ ಈಗಿನ ವಿದ್ಯಾರ್ಥಿಗಳು. ಸಂದರ್ಶನಕ್ಕೆ ಹೋದ ದಿನ ಪ್ರಯೋಗಶಾಲೆಯ ಹೊರಗೆ, ಕಾಫಿ ಕುಡಿಯುವ ಕಡೆ, ಅವರನ್ನು ಮಾತನಾಡಿಸಿ. ಇಲ್ಲಿ ಸೇರಿದವರು ಮುಗಿಸುವುದಕ್ಕೆ ಸಾಮಾನ್ಯವಾಗಿ ಎಷ್ಟು ವರ್ಷ ತೆಗೆದುಕೊಂಡರು? ಮುಗಿಸದೆ ಹೋದವರೆಷ್ಟು ಮಂದಿ, ಏಕೆ? ಮುಗಿಸಿದವರು ಈಗ ಎಲ್ಲಿದ್ದಾರೆ? ಲೇಖನಗಳಲ್ಲಿ ಕೆಲಸ ಮಾಡಿದವರ ಹೆಸರು ಮೊದಲು ಬರುತ್ತದೆಯೇ? ಗುರುಗಳ ಎದುರಿಗೆ ‘ಇದು ತಪ್ಪಿರಬಹುದು, ಸರ್’ ಎಂದು ಹೇಳುವ ಧೈರ್ಯ ಅಲ್ಲಿರುವವರಿಗೆ ಉಂಟೆ? ಈ ಪ್ರಶ್ನೆಗಳಿಗೆ ವಿದ್ಯಾರ್ಥಿಗಳು ಅತ್ತ ಇತ್ತ ನೋಡಿ ಉತ್ತರ ಕೊಟ್ಟರೆ, ಉತ್ತರ ಏನೆಂಬುದು ಮುಖ್ಯವಲ್ಲ. ಗುರುವನ್ನು ಪರೀಕ್ಷಿಸುವುದು ಅವಿನಯವೆಂದು ನಮ್ಮಲ್ಲಿ ಭಾವಿಸುವವರಿದ್ದಾರೆ. ವಧೂವರರ ವಿಷಯದಲ್ಲಿ ಮೂರು ತಲೆಮಾರು ವಿಚಾರಿಸುವ ಜನ ನಾವು. ಐದು ವರ್ಷದ ಈ ಸಂಬಂಧಕ್ಕೆ ಒಂದು ಮಧ್ಯಾಹ್ನ ವಿಚಾರಿಸಿದರೆ ಯಾವ ಅವಿನಯವೂ ಆಗದು.

ಹಣದ ಮಾತು. ಇದನ್ನು ಎತ್ತುವುದು ವಿಜ್ಞಾನಕ್ಕೆ ಶೋಭೆಯಲ್ಲವೆಂದು ಹೊಟ್ಟೆ ತುಂಬಿದವರು ಹೇಳುತ್ತಾರೆ. ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಕಿರಿಯ ಸಂಶೋಧನ ವೇತನ ಪಡೆದವರಿಗೆ ೨೦೨೩ರ ಜನವರಿ ೧ರಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿಗಳೂ, ಅನಂತರ ೪೨,೦೦೦ ರೂಪಾಯಿಗಳೂ, ನಿಯಮದಂತೆ ಮನೆಬಾಡಿಗೆಯ ಭತ್ಯವೂ ಗೊತ್ತಾಗಿವೆ. ಒಬ್ಬರ ಜೀವನಕ್ಕೆ ಇದು ಸಾಲುತ್ತದೆ. ಊರಿನಲ್ಲಿ ಸಾಲವಿದ್ದು, ತಂಗಿಯ ಶುಲ್ಕ ಕಟ್ಟಬೇಕಾಗಿದ್ದು, ತಂದೆಯ ಔಷಧಕ್ಕೆ ಕಳುಹಿಸಬೇಕಾದವರಿಗೆ ಸಾಲುವುದಿಲ್ಲ. ಈ ಹಣ ಪ್ರತಿ ತಿಂಗಳೂ ಮೊದಲನೆಯ ತಾರೀಖಿಗೆ ಕೈಸೇರುತ್ತದೆಂದು ನಂಬಿ ಲೆಕ್ಕ ಹಾಕಬಾರದು. ಹಲವು ತಿಂಗಳು ತಡವಾಗಿ ಬರುವುದು ಸಂಶೋಧನ ವಿದ್ಯಾರ್ಥಿಗಳಿಗೆ ಹೊಸ ಅನುಭವವಲ್ಲ. ಯಾವ ವೇತನವೂ ಇಲ್ಲದೆ ಪಿಎಚ್.ಡಿ.ಗೆ ಸೇರುವವರೂ ಇದ್ದಾರೆ. ಮನೆಯಲ್ಲಿ ಬೇರೆ ಆದಾಯವಿಲ್ಲದವರು ವೇತನವಿಲ್ಲದೆ ವಿಜ್ಞಾನದ ಸಂಶೋಧನೆಗೆ ಸೇರಬಾರದೆಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ಕಾಲಾವಧಿಯ ವಿಷಯಕ್ಕೆ ಬಂದರೆ, ನಿಯಮದಲ್ಲಿ ಕನಿಷ್ಠ ೩ ವರ್ಷ, ಸಾಮಾನ್ಯ ಗರಿಷ್ಠ ೬ ವರ್ಷ ಎಂದಿದೆ. ಮೂರನ್ನು ಮರೆತು ಐದೋ ಆರೋ ಎಂದು ಎಣಿಸುವುದು ಜಾಣತನ. ಇಪ್ಪತ್ತಮೂರರಿಂದ ಇಪ್ಪತ್ತೊಂಬತ್ತರವರೆಗಿನ ವರ್ಷಗಳೆಂದರೆ ಸಾಮಾನ್ಯವಾದ ವರ್ಷಗಳಲ್ಲ. ಜೊತೆಯಲ್ಲಿ ಓದಿದವರು ಆ ವೇಳೆಗೆ ಮನೆ ಕಟ್ಟಿಸುತ್ತಿರುತ್ತಾರೆ.

ಹೆಣ್ಣುಮಕ್ಕಳಿಗೆ ಈ ಲೆಕ್ಕ ಇನ್ನೂ ಬಿಗಿ. ಮದುವೆ ಮೊದಲೋ ಪ್ರಬಂಧ ಮೊದಲೋ ಎಂಬ ಪ್ರಶ್ನೆಯನ್ನು ಯಾರೂ ಹುಡುಗರಿಗೆ ಅಷ್ಟು ತುರ್ತಿನಿಂದ ಕೇಳುವುದಿಲ್ಲ. ಹಿಂದೆ ಬಾಗಿಲೇ ಮುಚ್ಚಿತ್ತು: ೧೯೩೩ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಂಗಸೆಂಬ ಕಾರಣದಿಂದ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ನಿರಾಕರಿಸಿದರು. ಆಕೆ ಹಟ ಹಿಡಿದು, ಪರೀಕ್ಷಾರ್ಥವಾಗಿ ಎಂಬ ಷರತ್ತಿಗೆ ಒಳಗಾಗಿ ಪ್ರವೇಶ ಪಡೆದು, ೧೯೩೯ರಲ್ಲಿ ಕೇಂಬ್ರಿಜ್ಜಿನಿಂದ ಡಾಕ್ಟರೇಟ್ ಗಳಿಸಿದರು. ಈಗ ಬಾಗಿಲು ತೆರೆದಿದೆ. ೨೦೨೨ರ ನಿಯಮಗಳು ಮಹಿಳೆಯರಿಗೆ ೨ ವರ್ಷ ಹೆಚ್ಚಿನ ಅವಧಿಯನ್ನೂ ಕೊಟ್ಟಿವೆ. ಮನೆಯವರ ಮನಸ್ಸಿನ ಬಾಗಿಲನ್ನು ಯಾವ ನಿಯಮವೂ ತೆರೆಯಲಾರದಷ್ಟೆ. ಆ ಮಾತನ್ನು ಸೇರುವುದಕ್ಕೆ ಮೊದಲೇ ಮನೆಯಲ್ಲಿ ಕುಳಿತು ಮುಗಿಸಿಕೊಂಡರೆ ಮಧ್ಯದಲ್ಲಿ ಎದುರಾಗುವ ಸಂಕಟ ಅಷ್ಟು ಕಡಮೆ.

ಯಾವ ಕಾರಣಗಳಿಗಾಗಿ ಸೇರಬಾರದು? ಕೆಲಸ ಸಿಕ್ಕದ್ದರಿಂದ, ಸಿಕ್ಕುವವರೆಗೆ ಎಂದು ಸೇರುವುದು ಎಲ್ಲಕ್ಕಿಂತ ಸಾಮಾನ್ಯವಾದದ್ದು, ಎಲ್ಲಕ್ಕಿಂತ ಕೆಟ್ಟದ್ದು. ಬಸ್ಸು ಬರುವವರೆಗೆ ನಿಲ್ದಾಣದಲ್ಲಿ ಕೂರಬಹುದು. ಬೆಟ್ಟ ಹತ್ತಲು ಹೋಗಬಾರದು. ಹೆಸರಿನ ಮುಂದೆ ‘ಡಾ.’ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಬೇಕೆಂಬ ಆಸೆಯ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಇನ್ನು ಮೂರನೆಯದು, ಕಾಲೇಜಿನಲ್ಲಿ ಪಾಠ ಹೇಳುವುದಕ್ಕೆ ಡಾಕ್ಟರೇಟ್ ಅನಿವಾರ್ಯವೆಂಬ ನಂಬಿಕೆ. ವಿಶ್ವವಿದ್ಯಾನಿಲಯದ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಅದನ್ನು ಕಡ್ಡಾಯಗೊಳಿಸುವ ನಿಯಮವೊಂದು ೨೦೧೮ರಲ್ಲಿ ಬಂದು, ಜಾರಿಗೆ ಬರುವ ದಿನ ಮುಂದಕ್ಕೆ ಹೋಗಿ, ೨೦೨೩ರಲ್ಲಿ ತಿದ್ದುಪಡಿಯಾಯಿತು. ಆ ತಿದ್ದುಪಡಿಯಂತೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯಮಟ್ಟದ ಸೆಟ್ ಪರೀಕ್ಷೆಯ ತೇರ್ಗಡೆಯೇ ಕನಿಷ್ಠ ಅರ್ಹತೆ; ಪಿಎಚ್.ಡಿ. ಐಚ್ಛಿಕ. ಇಂಥ ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ಓದಿಕೊಳ್ಳತಕ್ಕದ್ದು. ಪಾಠ ಹೇಳುವುದರಲ್ಲಿಯೇ ನಿಮಗೆ ಆನಂದವೆಂದಾದರೆ, ಅದಕ್ಕೆ ನೇರವಾದ ಹಾದಿ ಇದೆ ಎಂದಷ್ಟೇ ನನ್ನ ಅಭಿಪ್ರಾಯ.

ಡಾಕ್ಟರೇಟ್ ಮಾಡಿ ಪಾಠಕ್ಕೇ ಮರಳಿದವರು ಇಲ್ಲವೆಂದಲ್ಲ. ಗೌರಿಬಿದನೂರು ಸಮೀಪದ ಹೊಸೂರಿನ ಬಡಮನೆಯಿಂದ ಬಂದ ಎಚ್. ನರಸಿಂಹಯ್ಯನವರು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜದ ಭೌತವಿಜ್ಞಾನದಲ್ಲಿ ೧೯೬೦ರಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿ ನಿಲ್ಲದೆ ಬೆಂಗಳೂರಿನ ನ್ಯಾಷನಲ್ ಕಾಲೇಜಿಗೆ ಹಿಂದಿರುಗಿದರು. ೧೯೬೨ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿ ಸಾಮಾನ್ಯ ಜನರಿಗೆ ವಿಜ್ಞಾನವನ್ನು ಕೇಳಿಸಿದರು. ಸಂಶೋಧನೆಯಲ್ಲಿ ಕಲಿತ ಪ್ರಶ್ನಿಸುವ ಅಭ್ಯಾಸವನ್ನು ಅವರು ಪವಾಡಗಳ ಮೇಲೂ ಪ್ರಯೋಗಿಸಿದ್ದು ಕನ್ನಡಿಗರಿಗೆಲ್ಲ ತಿಳಿದ ವಿಷಯ. ಇಂಥವರಿಗೆ ಪದವಿ ವ್ಯರ್ಥವಾಯಿತೆಂದು ಯಾರು ಹೇಳಿಯಾರು?

ಪದವಿಯೇ ದೊರೆಯದೆ ವಿಜ್ಞಾನಿಯಾದವರ ಕಥೆಯೂ ಬೆಂಗಳೂರಿನಲ್ಲಿಯೇ ಇದೆ. ಅನ್ನಾ ಮಣಿ ಅವರು ೧೯೪೦ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ರಾಮನ್ ಅವರ ಪ್ರಯೋಗಶಾಲೆಯಲ್ಲಿ ವಜ್ರ ಮತ್ತು ಮಾಣಿಕ್ಯಗಳು ಬೀರುವ ಬೆಳಕಿನ ರೋಹಿತವನ್ನು ಅಭ್ಯಾಸ ಮಾಡಿದರು. ಒಂದು ಛಾಯಾಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಬೀಳಬೇಕಾಗಿದ್ದುದರಿಂದ ಎಷ್ಟೋ ರಾತ್ರಿ ಅಲ್ಲಿಯೇ ಕಳೆಯುತ್ತಿದ್ದರು. ಐದು ಲೇಖನಗಳನ್ನು ಒಬ್ಬರೇ ಬರೆದು, ೧೯೪೫ರಲ್ಲಿ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಆ ಕಾಲದಲ್ಲಿ ವಿಜ್ಞಾನ ಸಂಸ್ಥೆಗೆ ತಾನೇ ಪದವಿ ಕೊಡುವ ಅಧಿಕಾರವಿರಲಿಲ್ಲ. ಎಂ.ಎಸ್‌ಸಿ. ಮಾಡಿಲ್ಲವೆಂಬ ಕಾರಣದಿಂದ ವಿಶ್ವವಿದ್ಯಾನಿಲಯ ಡಾಕ್ಟರೇಟ್ ಕೊಡಲಿಲ್ಲ. ಅವರು ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ವಿದ್ಯೆ ಕಲಿತು, ೧೯೪೮ರಲ್ಲಿ ಭಾರತದ ಹವಾಮಾನ ಇಲಾಖೆಯನ್ನು ಸೇರಿ, ಮಳೆ, ಗಾಳಿ, ಬಿಸಿಲುಗಳನ್ನು ಅಳೆಯುವ ಉಪಕರಣಗಳನ್ನು ಸ್ವದೇಶದಲ್ಲಿಯೇ ತಯಾರಿಸುವ ವ್ಯವಸ್ಥೆಯನ್ನು ಕಟ್ಟಿದರು. ೧೯೭೬ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ಭಾರತದ ಸೌರವಿಕಿರಣದ ಅಳತೆಗಳನ್ನು ಒಳಗೊಂಡ ಅವರ ಕೈಪಿಡಿ ೧೯೮೦ರಲ್ಲಿ ಪ್ರಕಟವಾಗಿ, ಸೌರಶಕ್ತಿಯ ಎಂಜಿನಿಯರುಗಳಿಗೆ ಆಧಾರವಾಯಿತು. ರಾಮನ್ ಅವರೂ ೧೯೦೭ರಲ್ಲಿ ಎಂ.ಎ. ಮುಗಿಸಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತಕ್ಕೆ ಹೋದವರು. ಕಚೇರಿಗೆ ಮುಂಚೆ, ಕಚೇರಿಯ ಅನಂತರ ಪ್ರಯೋಗ ಮಾಡುತ್ತಿದ್ದವರು. ಡಾಕ್ಟರೇಟಿಗಾಗಿ ಅವರು ಯಾರ ಬಳಿಯೂ ಶಿಷ್ಯವೃತ್ತಿ ಮಾಡಲಿಲ್ಲ.

ಆದರೆ ಈ ನಿದರ್ಶನಗಳಿಂದ ಪದವಿಯೇ ಬೇಡವೆಂದು ತೀರ್ಮಾನಿಸುವುದು ಆತುರ. ಕಾಲ ಬದಲಾಗಿದೆ. ಇಂದು ವಿಶ್ವವಿದ್ಯಾನಿಲಯದಲ್ಲಿಯೋ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿಯೋ ಸ್ವಂತ ಪ್ರಶ್ನೆಯ ಮೇಲೆ, ಸ್ವಂತ ತಂಡದೊಡನೆ ಸಂಶೋಧನೆ ನಡೆಸಬೇಕೆನ್ನುವವರಿಗೆ ಡಾಕ್ಟರೇಟ್ ಹೆಚ್ಚುಕಡಮೆ ಅನಿವಾರ್ಯವೇ ಆಗಿದೆ. ವಿಜ್ಞಾನವನ್ನು ಪ್ರೀತಿಸುವವರೆಲ್ಲರಿಗೂ ಅದೊಂದೇ ದಾರಿ ಎಂಬುದಷ್ಟೇ ಸುಳ್ಳು. ಉಪಕರಣಗಳನ್ನು ಕಟ್ಟುವವರು, ಔಷಧಗಳ ಗುಣ ಪರೀಕ್ಷಿಸುವವರು, ಮಣ್ಣು ನೀರುಗಳನ್ನು ವಿಶ್ಲೇಷಿಸುವವರು, ಪ್ರೌಢಶಾಲೆಯಲ್ಲಿ ಮಕ್ಕಳ ಕೈಗೆ ಮಸೂರ ಕೊಟ್ಟು ಎಲೆಯ ನರಗಳನ್ನು ತೋರಿಸುವವರು, ಇವರೆಲ್ಲ ಮಾಡುತ್ತಿರುವುದು ವಿಜ್ಞಾನವನ್ನೇ.

ಸೇರಿದ ಮೇಲೆ ಇದು ನನ್ನದಲ್ಲವೆಂದು ತಿಳಿದರೆ? ನಮ್ಮಲ್ಲಿ ಮಧ್ಯದಲ್ಲಿ ಬಿಟ್ಟು ಬಂದವರನ್ನು ಸೋತವರೆಂದು ಕಾಣುವ ಕೆಟ್ಟ ಪದ್ಧತಿಯುಂಟು. ಆ ಮಾತಿಗೆ ಹೆದರಿ ಎಷ್ಟೋ ಮಂದಿ ಆರು, ಏಳು, ಎಂಟು ವರ್ಷ ಸವೆಸಿ, ಆರೋಗ್ಯವನ್ನೂ ಕೆಡಿಸಿಕೊಳ್ಳುತ್ತಾರೆ. ಎರಡನೆಯ ವರ್ಷದಲ್ಲಿ ಬಿಡುವುದು ಐದನೆಯ ವರ್ಷದಲ್ಲಿ ಬಿಡುವುದಕ್ಕಿಂತ ಎಷ್ಟೋ ಮೇಲು. ಕಷ್ಟ ಬಂದ ಕೂಡಲೇ ಓಡುವುದು ಬೇರೆ. ಕೆಲಸವೇ ಒಗ್ಗದೆಂದು ಮನಗಾಣುವುದು ಬೇರೆ. ಇವೆರಡಕ್ಕೂ ವ್ಯತ್ಯಾಸ ತಿಳಿಯಲು ನಾನು ಸೂಚಿಸುವ ಪರೀಕ್ಷೆ ಸರಳ: ಪ್ರಯೋಗ ಕೆಟ್ಟಾಗ ನಿಮಗೆ ದುಃಖವಾಗುತ್ತದೆಯೇ, ನೆಮ್ಮದಿಯಾಗುತ್ತದೆಯೇ? ದುಃಖವಾದರೆ ಇನ್ನೂ ಸ್ವಲ್ಪ ದಿನ ಇರಿ.

ಇಷ್ಟನ್ನೆಲ್ಲ ಓದಿ ತಿಳಿಯುವುದಕ್ಕಿಂತ ಎರಡು ತಿಂಗಳು ಇದ್ದು ನೋಡುವುದು ಹೆಚ್ಚು ಫಲಕಾರಿ. ಬೆಂಗಳೂರಿನಲ್ಲಿ ರಾಮನ್ ಅವರು ೧೯೩೪ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಮತ್ತು ಪ್ರಯಾಗರಾಜದ ಅಕಾಡೆಮಿಗಳೊಡನೆ ಸೇರಿ, ಕಾಲೇಜು ವಿದ್ಯಾರ್ಥಿಗಳಿಗಾಗಿ ಬೇಸಿಗೆ ಸಂಶೋಧನ ವೇತನಗಳನ್ನು ಹಲವು ವರ್ಷಗಳಿಂದ ಕೊಡುತ್ತ ಬಂದಿದೆ. ಆಯ್ಕೆಯಾದವರು ಒಬ್ಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಸುಮಾರು ಎರಡು ತಿಂಗಳು ಕೆಲಸ ಮಾಡುತ್ತಾರೆ. ಅಲ್ಲಿ ಸ್ಥಳ ದೊರೆಯದಿದ್ದರೆ ಹತ್ತಿರದ ವಿಶ್ವವಿದ್ಯಾನಿಲಯದ ಅಧ್ಯಾಪಕರೊಬ್ಬರಿಗೆ ಕಾಗದ ಬರೆಯಬಹುದು. ಕಾಗದ ಒಂದು ಪುಟ ಮೀರದಿರಲಿ. ಅವರ ಒಂದು ಲೇಖನವನ್ನಾದರೂ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ಅಂಶವನ್ನು ಕೇಳಿ. ನಾಲ್ಕು ಮಂದಿಗೆ ಬರೆದರೆ ಒಬ್ಬರಿಂದ ಉತ್ತರ ಬಂದೀತು. ಬಂದರೆ, ಆ ಬೇಸಿಗೆಯಲ್ಲಿ ಗಾಜಿನ ಸಾಮಾನು ತೊಳೆಯಲು ಹೇಳಿದರೂ ತೊಳೆಯಿರಿ. ತೊಳೆಯುತ್ತ, ಅಲ್ಲಿರುವ ಹಿರಿಯ ವಿದ್ಯಾರ್ಥಿಗಳು ಮಧ್ಯಾಹ್ನ ಮೂರು ಗಂಟೆಗೆ ಯಾವ ವಿಷಯ ಮಾತನಾಡಿಕೊಳ್ಳುತ್ತಾರೆಂದು ಕಿವಿಗೊಟ್ಟು ಕೇಳಿ.